ಶೋಧಕಕ್ಕೆ ಕೆರೆಯ ನೀರೇ ಪರೀಕ್ಷೆಯಾಗಲಿ

ನೀರಿನಲ್ಲಿ ಕರಗಿದ ಪಾದರಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜಪಾನಿನ ಮಿನಮಾಟದಲ್ಲಿ ಅದು ತಂದ ಕಾಯಿಲೆ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ. ಚಿಸ್ಸೊ ಕಾರ್ಖಾನೆ ಹೊರಬಿಟ್ಟ ಮೀಥೈಲ್ ಪಾದರಸವೇ ಅದಕ್ಕೆ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಈ ಹನ್ನೆರಡು ವರ್ಷ ವಿಷ ಸಮುದ್ರಕ್ಕೆ ಹರಿಯುತ್ತಲೇ ಇತ್ತು.

ಇಂಥ ವಿಷವನ್ನು ಕಣ್ಣಿಗೆ ಕಾಣುವಂತೆ ಮಾಡುವ ಪ್ರತಿದೀಪ್ತ ಶೋಧಕಗಳು ಇಂದು ರಸಾಯನ ವಿಜ್ಞಾನಿಗಳ ಕೈಯಲ್ಲಿವೆ. 2005ರಲ್ಲಿ ಕೊರಿಯಾದ ಸಂಶೋಧಕರು ರೋಡಮಿನ್ ಎಂಬ ಬಣ್ಣದ ಅಣುವಿಗೆ ಗಂಧಕವಿರುವ ಕೊಂಡಿಯೊಂದನ್ನು ಜೋಡಿಸಿದರು. ಅಣುವಿನೊಳಗಿನ ಉಂಗುರ ಮುಚ್ಚಿರುವಷ್ಟು ಹೊತ್ತು ದ್ರಾವಣ ತಿಳಿಯಾಗಿರುತ್ತದೆ. ಪಾದರಸದ ಅಯಾನು ಬಂದು ಗಂಧಕವನ್ನು ಕಿತ್ತುಕೊಂಡರೆ ಉಂಗುರ ಬಿಚ್ಚಿಕೊಳ್ಳುತ್ತದೆ. ದ್ರಾವಣ ಗುಲಾಬಿಗೆ ತಿರುಗಿ ಬೆಳಕು ಸೂಸುತ್ತದೆ. ಮರುವರ್ಷ ಇದೇ ಬಗೆಯ ಅಣು ಜೀವಂತ ಕೋಶಗಳಲ್ಲೂ ಜೀಬ್ರಾ ಮೀನಿನಲ್ಲೂ ಪಾದರಸವನ್ನು ತೋರಿಸಿಕೊಟ್ಟಿತು.

ಅಲ್ಲಿಂದೀಚೆಗೆ ಇಂಥ ಶೋಧಕಗಳ ಬಗ್ಗೆ ಪ್ರಬಂಧಗಳು ರಾಶಿರಾಶಿಯಾಗಿ ಬಂದಿವೆ, ಭಾರತದಿಂದಲೂ ಬಂದಿವೆ. ಆದರೆ ಅವುಗಳಲ್ಲಿ ಅನೇಕವು ಸಾವಯವ ದ್ರಾವಕ ಬೆರೆಸಿದ ಶುದ್ಧ ನೀರಿನಲ್ಲಿ, ಪಾದರಸದ ಲವಣ ಹಾಕಿ ನೋಡಿದವು. ಕೆರೆಯ ನೀರು ಹಾಗಿರುವುದಿಲ್ಲ. ಕೊಳೆತ ಎಲೆ ಮತ್ತು ಮಣ್ಣಿನಿಂದ ಬರುವ ಹ್ಯೂಮಿಕ್ ವಸ್ತುಗಳು ತಾವೇ ಮಿನುಗುತ್ತವೆ, ಪಾದರಸವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಕೋಶದೊಳಗೆ ಗ್ಲುಟಾಥಯೋನ್ ಎಂಬ ಅಣು ಪಾದರಸವನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. ಮೀನಿನ ಮೂಲಕ ನಮ್ಮ ಮೈ ಸೇರುವ ಮೀಥೈಲ್ ಪಾದರಸವನ್ನು ಬೇರೆಯಾಗಿ ಗುರುತಿಸುವ ಶೋಧಕಗಳು ಕಡಿಮೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣವನ್ನು ಕಲಕಿದ ನೀರಿನಲ್ಲಿ ಹಿಡಿಯಲಾಗದಿದ್ದರೆ ಜನರಿಗೆ ಪ್ರಯೋಜನವಿಲ್ಲ.

ಕೊಡೈಕೆನಾಲಿನ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿನ ಮಣ್ಣಿನಲ್ಲಿ ಎಷ್ಟು ಪಾದರಸ ಉಳಿಯಬಹುದು ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಇಂಥ ಕಡೆ ಊರಿನವರೇ ನೀರು ತುಂಬಿ ನೋಡಬಹುದಾದ, ಶೋಧಕ ಲೇಪಿಸಿದ ಅಗ್ಗದ ಪಟ್ಟಿಯೊಂದಿದ್ದರೆ ಅನುಮಾನಕ್ಕೆ ಆಧಾರ ಸಿಗುತ್ತದೆ. ಅಂತಿಮ ತೀರ್ಪು ಪ್ರಯೋಗಾಲಯದ ದೊಡ್ಡ ಉಪಕರಣಗಳದ್ದೇ ಆಗಿರಲಿ. ಯಾವ ನೀರನ್ನು ಅಲ್ಲಿಗೆ ಕಳಿಸಬೇಕು ಎಂಬುದನ್ನು ಶೋಧಕ ಹೇಳಲಿ.

ಪಾದರಸದ ಕುರಿತಾದ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಸಂಶೋಧನೆಗೆ ಹಣ ಕೊಡುವವರು ಇನ್ನಾದರೂ ಹೊಸ ಅಣುವಿನ ಜೊತೆಗೆ ನಿಜವಾದ ಕೆರೆ, ಮಣ್ಣು, ಮೀನುಗಳ ಫಲಿತಾಂಶವನ್ನೂ ಕೇಳಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗಳು ಮಾದರಿಗಳನ್ನು ಒದಗಿಸಿ, ಫಲಿತಾಂಶವನ್ನು ಉಪಕರಣದ ಅಳತೆಯೊಂದಿಗೆ ತಾಳೆ ನೋಡಬೇಕು. ಆ ಪರೀಕ್ಷೆಯಲ್ಲಿ ಗೆದ್ದ ಶೋಧಕವನ್ನು ನೀರಿನ ಪಕ್ಕದಲ್ಲಿ ಬದುಕುವವರಿಗೆ ತಲುಪಿಸುವುದು ಸರ್ಕಾರದ ಕರ್ತವ್ಯ.