ಸೋಲುವ ತಂಡ ಬಿಟ್ಟು ಹೋಗುವುದು ದ್ರೋಹವೇ? ಎನ್‌ಬಿಎ ತಾರೆಗಳ ‘ಟ್ರೇಡ್’ ಬೇಡಿಕೆಯ ಒಳಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವರ್ಷಕ್ಕೆ ಎರಡು ಸಲ ಆಟಕ್ಕಿಂತ ಅದಲು ಬದಲಿನ ಸುದ್ದಿಯೇ ಜೋರಾಗುತ್ತದೆ. ಫೆಬ್ರವರಿಯಲ್ಲಿ ಟ್ರೇಡ್ ಗಡುವು ಹತ್ತಿರ ಬಂದಾಗ ಒಮ್ಮೆ, ಜುಲೈಯಲ್ಲಿ ಹೊಸ ಒಪ್ಪಂದಗಳ ಕಾಲ ಶುರುವಾದಾಗ ಇನ್ನೊಮ್ಮೆ. “ಆತ ತಂಡ ಬಿಡಬೇಕು ಅಂತ ಹೇಳಿದ್ದಾನಂತೆ” ಎಂಬ ಒಂದು ಸಾಲು ಸಾಕು, ಅಭಿಮಾನಿಗಳು ಎರಡು ಪಾಲಾಗುತ್ತಾರೆ. ಒಂದು ಕಡೆಯವರು ದ್ರೋಹಿ ಅನ್ನುತ್ತಾರೆ. ಇನ್ನೊಂದು ಕಡೆಯವರು, ಸೋಲುವ ತಂಡದಲ್ಲಿ ಆಯುಷ್ಯ ಯಾಕೆ ಕಳೆಯಬೇಕು ಎಂದು ಕೇಳುತ್ತಾರೆ.

2022ರಿಂದ ಅಬುಧಾಬಿಯಲ್ಲಿ ಎನ್‌ಬಿಎಯ ಪ್ರಿ-ಸೀಸನ್ ಪಂದ್ಯಗಳು ನಡೆಯುತ್ತಿರುವುದರಿಂದ ಗಲ್ಫ್‌ನಲ್ಲಿರುವ ನಮ್ಮ ಹುಡುಗರಿಗೂ ಈ ಹೆಸರುಗಳು ಹೊಸದಲ್ಲ. ಆದರೆ ಟ್ರೇಡ್ ವಿಷಯವನ್ನು ಬರೀ ನಿಷ್ಠೆ–ದ್ರೋಹದ ಲೆಕ್ಕದಲ್ಲಿ ನೋಡಿದರೆ ಅರ್ಧವಷ್ಟೇ ಕಾಣುತ್ತದೆ. ಉಳಿದರ್ಧ ಇರುವುದು ಲೀಗಿನ ನಿಯಮಗಳಲ್ಲಿ.

ತಂಡವನ್ನು ಆಟಗಾರ ಆರಿಸುವುದಿಲ್ಲ

ಎನ್‌ಬಿಎಗೆ ಬರುವ ಹುಡುಗ ಮೊದಲ ತಂಡವನ್ನು ತಾನಾಗಿ ಆರಿಸುವಂತಿಲ್ಲ. ‘ಡ್ರಾಫ್ಟ್’ನಲ್ಲಿ ಯಾವ ತಂಡ ಅವನ ಹೆಸರು ಕರೆಯುತ್ತದೋ ಅಲ್ಲಿಗೆ ಹೋಗಬೇಕು. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲು ಕರೆಯುವ ಅವಕಾಶ ಹೆಚ್ಚು. 1985ರಿಂದ ಇದಕ್ಕೊಂದು ಲಾಟರಿಯೂ ಇದೆ. 30 ತಂಡಗಳೂ ಸಮಬಲವಾಗಲಿ ಎಂಬುದು ಉದ್ದೇಶ. ಪರಿಣಾಮ ಏನೆಂದರೆ, ಅತ್ಯುತ್ತಮ ಆಟಗಾರ ಸಾಮಾನ್ಯವಾಗಿ ಅತ್ಯಂತ ದುರ್ಬಲ ತಂಡದಲ್ಲೇ ಕೆಲಸ ಶುರು ಮಾಡುತ್ತಾನೆ.

ಗಲ್ಫ್‌ನಲ್ಲಿ ದುಡಿದವರಿಗೆ ‘ರಿಲೀಸ್’ ಎಂಬ ಮಾತಿನ ತೂಕ ಗೊತ್ತು. ಕಫೀಲ್ ಒಪ್ಪದೆ ಇನ್ನೊಂದು ಕಂಪೆನಿಗೆ ಹೋಗುವಂತಿರಲಿಲ್ಲ. ಕತರ್‌ನಲ್ಲಿ ಎನ್‌ಒಸಿ ನಿಯಮ ತೆಗೆದದ್ದೇ 2020ರಲ್ಲಿ. ಸಂಬಳದಲ್ಲಿ ಆಕಾಶ–ಭೂಮಿ ಅಂತರ ಇದ್ದರೂ, ಹಳೆಯ ಕಾಲದ ಎನ್‌ಬಿಎ ಆಟಗಾರನ ಕಟ್ಟು ಸುಮಾರಾಗಿ ಇದೇ ತರಹದ್ದು. ಒಪ್ಪಂದ ಮುಗಿದರೂ ಅವನ ಮೇಲೆ ತಂಡದ ಹಕ್ಕು ಮುಗಿಯುತ್ತಿರಲಿಲ್ಲ. ಆಟಗಾರರ ಸಂಘದ ಅಧ್ಯಕ್ಷ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಕೋರ್ಟಿಗೆ ಹೋದ ಮೇಲೆ, 1976ರ ರಾಜಿಯಲ್ಲಿ ಈ ಕಟ್ಟು ಸಡಿಲವಾಯಿತು. ಇಂದಿನ ತಾರೆಗಳಿಗೆ ಇರುವ ಸ್ವಾತಂತ್ರ್ಯಕ್ಕೆ ಬುನಾದಿ ಅದು.

ಕರೀಂ ಕೇಳಿದರು, ಹಕೀಮ್ ಕೂಡ

ರಾಬರ್ಟ್‌ಸನ್ ಜೊತೆ 1971ರಲ್ಲಿ ಮಿಲ್ವಾಕಿ ಬಕ್ಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟವರು ಕರೀಂ ಅಬ್ದುಲ್ ಜಬ್ಬಾರ್. ಇಸ್ಲಾಂ ಸ್ವೀಕರಿಸಿದ್ದ ಅವರು ಜನರ ಮುಂದೆ ಈ ಹೆಸರು ಇಟ್ಟುಕೊಂಡದ್ದೂ ಅದೇ ವರ್ಷ. 1974ರಲ್ಲಿ ರಾಬರ್ಟ್‌ಸನ್ ನಿವೃತ್ತರಾದರು. ಮುಂದಿನ ಸೀಸನ್‌ನಲ್ಲಿ ಬಕ್ಸ್ 38 ಗೆದ್ದು 44 ಸೋತಿತು. ಕರೀಂ ಆ ಸೀಸನ್‌ನ ಆರಂಭದಲ್ಲೇ ತನ್ನನ್ನು ಬೇರೆ ಕಡೆ ಕಳಿಸಿ ಎಂದು ಮಾಲಕರ ಬಳಿ ಕೇಳಿದ್ದರು. ತನ್ನ ಬದುಕಿನ ರೀತಿಗೆ, ಸಂಸ್ಕೃತಿಗೆ ಮಿಲ್ವಾಕಿ ಒಗ್ಗುವುದಿಲ್ಲ ಎಂಬುದು ಅವರ ಕಾರಣ. ವಿಷಯ ಬಹಿರಂಗವಾಗಲು ತಿಂಗಳುಗಳೇ ಹಿಡಿದವು. 1975ರ ಜೂನ್‌ನಲ್ಲಿ ಅವರು ಲಾಸ್ ಏಂಜಲಿಸ್ ಲೇಕರ್ಸ್ ಸೇರಿ, ಅಲ್ಲಿ ಇನ್ನೂ ಐದು ಪ್ರಶಸ್ತಿ ಗೆದ್ದರು. ಅವರ 38,387 ಅಂಕಗಳ ದಾಖಲೆ ಮುರಿಯಲು ಲೆಬ್ರಾನ್ ಜೇಮ್ಸ್ 2023ರ ಫೆಬ್ರವರಿಯವರೆಗೆ ಆಡಬೇಕಾಯಿತು.

ನೈಜೀರಿಯಾದ ಲಾಗೋಸ್‌ನಿಂದ ಬಂದ ಹಕೀಮ್ ಒಲಾಜುವನ್ ಅವರ ದಾರಿ ಬೇರೆ. 1992ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಪ್ಲೇಆಫ್‌ಗೂ ಹೋಗಲಿಲ್ಲ. ಗಾಯದ ನೆಪ ಹೇಳುತ್ತಿದ್ದಾರೆ ಎಂದು ತಂಡವೇ ಆರೋಪಿಸಿ ಅವರನ್ನು ಅಮಾನತು ಮಾಡಿತು. ಅವರೂ ಟ್ರೇಡ್ ಕೇಳಿದರು. ಆದರೆ ಟ್ರೇಡ್ ಆಗಲಿಲ್ಲ, ಮಾತುಕತೆಯಾಯಿತು. ಎರಡು ವರ್ಷದಲ್ಲಿ, 1994ರಲ್ಲಿ, ಅದೇ ಹ್ಯೂಸ್ಟನ್ ಚಾಂಪಿಯನ್ ಆಯಿತು. 1995ರ ಫೆಬ್ರವರಿಯಲ್ಲಿ ರಮಝಾನ್ ಉಪವಾಸ ಹಿಡಿದೇ ಆಡಿದ ಹಕೀಮ್ ತಿಂಗಳ ಶ್ರೇಷ್ಠ ಆಟಗಾರರಾದರು. ಆ ವರ್ಷವೂ ಪ್ರಶಸ್ತಿ ಹ್ಯೂಸ್ಟನ್‌ಗೇ ಹೋಯಿತು.

ಆ ಎರಡನೇ ಪ್ರಶಸ್ತಿಯಲ್ಲಿ ಜೊತೆಗಿದ್ದ ಕ್ಲೈಡ್ ಡ್ರೆಕ್ಸ್‌ಲರ್ ಬಂದದ್ದು ಹೇಗೆ? ಪೋರ್ಟ್‌ಲ್ಯಾಂಡ್ ತಂಡವನ್ನು ತಾನಾಗಿ ಕೇಳಿ ಬಿಟ್ಟು! ಅಂದರೆ ಕೇಳಿ ಹೋದವರೂ ಗೆದ್ದಿದ್ದಾರೆ, ಕೇಳಿ ಉಳಿದವರೂ ಗೆದ್ದಿದ್ದಾರೆ. ಕೇಳಿದ್ದೇ ತಪ್ಪು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಸಹಿ ಹಾಕಿ ಮರುವರ್ಷ ‘ಬಿಟ್ಟುಬಿಡಿ’

ಒಪ್ಪಂದ ಮುಗಿಯುವವರೆಗೆ ಕಾದು ಹೋಗಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ಹಣದ ನಿಯಮ ಅಡ್ಡ ಬರುತ್ತದೆ. 2017ರಿಂದ ಇರುವ ‘ಸೂಪರ್‌ಮ್ಯಾಕ್ಸ್’ ಎಂಬ ಅತಿದೊಡ್ಡ ಒಪ್ಪಂದವನ್ನು ಆಟಗಾರನ ಸ್ವಂತ ತಂಡ ಮಾತ್ರ ಕೊಡಬಹುದು. ತಾರೆಗಳು ಊರಲ್ಲೇ ಉಳಿಯಲಿ ಎಂದು ಮಾಡಿದ ನಿಯಮ. ಆಗಿದ್ದು ಬೇರೆ: ಇದ್ದ ತಂಡದಲ್ಲೇ ದೊಡ್ಡ ಮೊತ್ತಕ್ಕೆ ಸಹಿ ಹಾಕುವುದು, ತಂಡ ಸೋಲತೊಡಗಿದರೆ ಟ್ರೇಡ್ ಕೇಳುವುದು. ಸಂಬಳವೂ ಉಳಿಯಿತು, ತಂಡವೂ ಬದಲಾಯಿತು.

ಡೇಮಿಯನ್ ಲಿಲಾರ್ಡ್ ಕಥೆ ಇದಕ್ಕೆ ಕನ್ನಡಿ. 2012ರಿಂದ 11 ಸೀಸನ್ ಪೋರ್ಟ್‌ಲ್ಯಾಂಡ್‌ನಲ್ಲೇ ಆಡಿದ ಅವರು ನಿಷ್ಠೆಗೆ ಇನ್ನೊಂದು ಹೆಸರು ಎನಿಸಿಕೊಂಡಿದ್ದರು. 2022ರಲ್ಲಿ ಒಪ್ಪಂದ ವಿಸ್ತರಿಸಿಕೊಂಡರು. ತಂಡ ಆ ಸೀಸನ್‌ನಲ್ಲಿ 33 ಗೆದ್ದು 49 ಸೋತಿತು. 2023ರ ಜುಲೈಯಲ್ಲಿ ಟ್ರೇಡ್ ಕೇಳಿದರು, ಅದೂ ಮಯಾಮಿಗೆ ಮಾತ್ರ ಎಂಬ ಸೂಚನೆಯೊಂದಿಗೆ. ಒಪ್ಪಂದದಂತೆ ಯಾವ ತಂಡಕ್ಕೆ ಕಳಿಸಿದರೂ ಆಡಬೇಕು ಎಂದು ಲೀಗೇ ಎಚ್ಚರಿಸಿತು. ಪೋರ್ಟ್‌ಲ್ಯಾಂಡ್ ಅವರನ್ನು ಕಳಿಸಿದ್ದು ಮಿಲ್ವಾಕಿಗೆ. ಅಲ್ಲಿ ಎರಡು ಸೀಸನ್, ಎರಡೂ ಸಲ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋಲು. 2025ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ನರ ಹರಿಯಿತು. ಜುಲೈಯಲ್ಲಿ ಮಿಲ್ವಾಕಿ ಅವರನ್ನು ಕೈಬಿಟ್ಟಿತು. ಯಾರ ಬಾಗಿಲು ತಟ್ಟಿದರು? ಪೋರ್ಟ್‌ಲ್ಯಾಂಡ್‌ನದ್ದೇ. ಹಳೆಯ ತಂಡ ಬಾಗಿಲು ತೆರೆಯಿತು. ತನ್ನ ಒಪ್ಪಿಗೆಯಿಲ್ಲದೆ ಇನ್ನು ಟ್ರೇಡ್ ಮಾಡುವಂತಿಲ್ಲ ಎಂಬ ಷರತ್ತನ್ನೂ ಈ ಸಲ ಅವರು ಬರೆಸಿಕೊಂಡರು.

ತಂಡಗಳೇನು ನಿಷ್ಠೆ ತೋರಿಸುತ್ತವೆಯೇ?

ಆ ಷರತ್ತು ಎನ್‌ಬಿಎಯಲ್ಲಿ ಬೆರಳೆಣಿಕೆಯ ಆಟಗಾರರಿಗೆ ಮಾತ್ರ ಸಿಕ್ಕಿದೆ. ಉಳಿದವರನ್ನು ತಂಡ ಕೇಳದೆಯೇ ಕಳಿಸಬಹುದು. 2025ರ ಫೆಬ್ರವರಿಯಲ್ಲಿ ಡಲ್ಲಾಸ್ ತಂಡ ಲೂಕಾ ಡಾನ್ಸಿಚ್ ಅವರನ್ನು ರಾತ್ರೋರಾತ್ರಿ ಲೇಕರ್ಸ್‌ಗೆ ಕೊಟ್ಟಿತು. ಅವರೇನೂ ಕೇಳಿರಲಿಲ್ಲ, ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ಗೆ ಕೊಂಡೊಯ್ದಿದ್ದರು. ಅಭಿಮಾನಿಗಳು ಬೀದಿಗಿಳಿದರು. ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಅದೇ ನವೆಂಬರ್‌ನಲ್ಲಿ ಕೆಲಸ ಕಳಕೊಂಡರು.

ಗಮನಿಸಬೇಕಾದ ಮಾತೊಂದಿದೆ. ಆಟಗಾರ ಕೇಳಿದರೆ ಅದು ‘ನಿಷ್ಠೆಯ ಪ್ರಶ್ನೆ’, ತಂಡ ಕಳಿಸಿದರೆ ‘ಬಿಸಿನೆಸ್’. ಟ್ರೇಡ್ ಬೇಕೆಂದು ಬಹಿರಂಗವಾಗಿ ಹೇಳಿದರೆ ಆಟಗಾರನಿಗೆ ದಂಡ ಬೀಳುತ್ತದೆ. 2019ರಲ್ಲಿ ಆಂಥನಿ ಡೇವಿಸ್ 50,000 ಡಾಲರ್ ತೆತ್ತಿದ್ದಾರೆ. ತಂಡ ತನ್ನ ತಾರೆಯನ್ನು ಗುಟ್ಟಾಗಿ ಮಾರಾಟಕ್ಕಿಟ್ಟರೆ ದಂಡ ಇಲ್ಲ.

ಈ ವಿಷಯದಲ್ಲಿ ನಮ್ಮ ಐಪಿಎಲ್ ಸ್ವಲ್ಪ ವಾಸಿ. ಅಲ್ಲಿ ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕು. ಕೇರಳದ ಸಂಜು ಸ್ಯಾಮ್ಸನ್ 2025ರ ನವೆಂಬರ್‌ನಲ್ಲಿ ರಾಜಸ್ಥಾನ್ ಬಿಟ್ಟು ಚೆನ್ನೈ ಸೇರಿದ್ದು, ರವೀಂದ್ರ ಜಡೇಜ ರಾಜಸ್ಥಾನ್‌ಗೆ ಹೋದದ್ದು ಹಾಗೆ ಒಪ್ಪಿಗೆಯ ಮೇಲೆಯೇ.

ಬೆಲೆ ತೆರುವವರು ಯಾರು?

ಹಾಗಂತ ತಾರೆಗಳು ಮಾಡಿದ್ದೆಲ್ಲ ಸರಿ ಎಂದಲ್ಲ. ಒಬ್ಬ ಲಿಲಾರ್ಡ್ ಹೋಗಬೇಕಾದರೆ ಸಂಬಳದ ಲೆಕ್ಕ ಸರಿದೂಗಿಸಲು ಇನ್ನು ಕೆಲವರು ಗಂಟು ಮೂಟೆ ಕಟ್ಟಬೇಕು. 2021ರಲ್ಲಿ ಮಿಲ್ವಾಕಿ ಗೆದ್ದಾಗ ತಂಡದ ಬೆನ್ನೆಲುಬಾಗಿದ್ದ ಜ್ರೂ ಹಾಲಿಡೇ ಆ ಟ್ರೇಡ್‌ನಲ್ಲಿ ಪೋರ್ಟ್‌ಲ್ಯಾಂಡ್‌ಗೆ, ಕೆಲವೇ ದಿನದಲ್ಲಿ ಅಲ್ಲಿಂದ ಬಾಸ್ಟನ್‌ಗೆ ಹೋಗಬೇಕಾಯಿತು. 2024ರಲ್ಲಿ ಬಾಸ್ಟನ್ ಚಾಂಪಿಯನ್ ಆಯಿತು. ತಾರೆಯನ್ನು ತಂದ ಮಿಲ್ವಾಕಿ ಸೋತಿತು, ಬಿಟ್ಟುಕೊಟ್ಟ ಆಟಗಾರ ಗೆದ್ದ.

ಕರೀಂಗೆ ಬದಲಾಗಿ ಮಿಲ್ವಾಕಿಗೆ ಬಂದ ನಾಲ್ವರಲ್ಲಿ ಜೂನಿಯರ್ ಬ್ರಿಜ್‌ಮನ್ ಎಂಬ ಹೊಸ ಹುಡುಗನೂ ಇದ್ದ. ಆಡುವ ದಿನಗಳಲ್ಲೇ ಹೋಟೆಲ್ ವ್ಯಾಪಾರದ ಕಡೆ ಕಣ್ಣು ಹಾಕಿ, ಮುಂದೆ ನೂರಾರು ಫಾಸ್ಟ್‌ಫುಡ್ ಮಳಿಗೆಗಳ ಒಡೆಯರಾದರು. 2024ರಲ್ಲಿ ಅದೇ ಬಕ್ಸ್ ತಂಡದ ಶೇ. 10 ಪಾಲು ಖರೀದಿಸಿದರು. 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ವ್ಯಾಪಾರ ಅಂದರೆ ಕಿವಿ ನಿಮಿರುವ ನಮ್ಮವರಿಗೆ ಇದೂ ನೆನಪಿರಲಿ: ಇನ್ನೊಬ್ಬನ ಟ್ರೇಡ್‌ಗೆ ತಕ್ಕಡಿಯ ತೂಕವಾಗಿ ಬಂದವನು ಕೊನೆಗೆ ತಕ್ಕಡಿಯಲ್ಲೇ ಪಾಲುದಾರನಾದ.

2023ರ ಹೊಸ ಒಪ್ಪಂದದ ನಂತರ ಇದೆಲ್ಲ ಇನ್ನೂ ಬಿಗಿಯಾಗಿದೆ. ಸಂಬಳದ ಖರ್ಚು ಒಂದು ಮಿತಿ ದಾಟಿದ ತಂಡಗಳು ಎರಡು ಮೂರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ತಾರೆಯನ್ನು ತರುವಂತಿಲ್ಲ. ಬೇಡಿಕೆ ಇಡುವುದು ಸುಲಭ, ಈಡೇರುವುದು ಕಷ್ಟ. 2023ರಿಂದ 2025ರವರೆಗೆ ಮೂರು ವರ್ಷ ಸತತವಾಗಿ ಮೊದಲ ಸುತ್ತಿನಲ್ಲೇ ಹೊರಬಿದ್ದ ಮಿಲ್ವಾಕಿಯ ಯಾನಿಸ್ ಆಂಟೆಟೊಕುಂಪೊ ಹೆಸರು ಸುದ್ದಿಯಲ್ಲಿ ಸುತ್ತುತ್ತಲೇ ಇರುವುದಕ್ಕೆ ಇದೂ ಒಂದು ಹಿನ್ನೆಲೆ.

ಹೋಗುವ ರೀತಿ

ಮಾತು ಕೊಟ್ಟ ಮೇಲೆ ಕರಾರು ಪಾಲಿಸಬೇಕು ಎಂದು ಮದ್ರಸದಲ್ಲೇ ಕಲಿತವರು ನಾವು. ಕೆಲಸಗಾರನ ಹಕ್ಕನ್ನು ತಡೆಹಿಡಿಯಬಾರದು ಎಂಬುದನ್ನೂ ಅಲ್ಲೇ ಕಲಿತಿದ್ದೇವೆ. ಟ್ರೇಡ್ ಪ್ರಶ್ನೆ ಇರುವುದು ಇವೆರಡರ ನಡುವೆ. ‘ನನಗೆ ಬೇರೆ ಕಡೆ ಹೋಗಬೇಕು’ ಎಂದು ಎದುರು ಕೂತು ಹೇಳುವುದು ಕರಾರು ಮುರಿದಂತಲ್ಲ. ಸಂಬಳ ತಕ್ಕೊಳ್ಳುತ್ತಾ ಮನಸ್ಸಿಟ್ಟು ಆಡದಿರುವುದು, ಜೊತೆಗಾರರ ಮೇಲೆ ಭಾರ ಹಾಕುವುದು ಕರಾರು ಮುರಿದಂತೆಯೇ. 2025ರ ಜನವರಿಯಲ್ಲಿ ಮಯಾಮಿ ತಂಡ ಜಿಮ್ಮಿ ಬಟ್ಲರ್ ಅವರನ್ನು ಏಳು ಪಂದ್ಯಗಳಿಗೆ ಅಮಾನತು ಮಾಡಿದಾಗ ಎದ್ದ ಚರ್ಚೆಯೂ ಇದೇ. ಒಂದು ತಿಂಗಳಲ್ಲಿ ಅವರಿಗೆ ಬೇಕಾದ ಟ್ರೇಡ್ ಸಿಕ್ಕಿತು. ಆದರೆ ತಂಡವನ್ನು ಎರಡು ಸಲ ಫೈನಲ್‌ಗೆ ಕೊಂಡೊಯ್ದವರಿಗೆ ಸಿಗಬೇಕಾದ ಬೀಳ್ಕೊಡುಗೆ ಸಿಗಲಿಲ್ಲ.

ಇಂದು ಮಂಗಳೂರು, ಬೆಂಗಳೂರು, ದುಬೈ ಎಂದು ಕೆಲಸ ಬದಲಿಸುವ ನಮ್ಮ ಯುವಕರ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ. ಸಹಿ ಹಾಕುವ ಮೊದಲು ಷರತ್ತು ಓದಿ. ಬಿಡುವುದಾದರೆ ಮೊದಲು ಹೇಳಬೇಕಾದವರಿಗೆ ಹೇಳಿ. ಕೊನೆಯ ದಿನದವರೆಗೂ ಕೆಲಸ ಮಾಡಿ. ಲಿಲಾರ್ಡ್ ಗಾಯಗೊಂಡು ಮರಳಿದಾಗ ಪೋರ್ಟ್‌ಲ್ಯಾಂಡ್ ಬಾಗಿಲು ಹಾಕಿಕೊಳ್ಳಲಿಲ್ಲ. ಕಾರಣ ಅವರು ಕೇಳಿದ ಟ್ರೇಡ್ ಅಲ್ಲ, ಅದಕ್ಕೂ ಮೊದಲು ಅಲ್ಲಿ ದುಡಿದ 11 ಸೀಸನ್.