ತೊರೆಯ ಗಿಡವೂ ಗಾಜಿನ ತೊಟ್ಟಿಯೂ

ಭಾಗಮಂಡಲದ ಸಂಗಮಕ್ಕೆ ಬರುವ ಯಾತ್ರಿಕರು ತೀರ್ಥವನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗುವುದು ಹಳೆಯ ವಾಡಿಕೆ. ಈಚೆಗೆ ವಿದ್ಯಾರ್ಥಿಗಳಲ್ಲಿ ಕೆಲವರು ತೀರ್ಥದೊಡನೆ ಸುತ್ತಲಿನ ತೊರೆಗಳ ನೀರ್ಗಿಡಗಳನ್ನೂ ಬೇರುಸಹಿತ ಕಿತ್ತು, ಮನೆಯ ಅಕ್ವೇರಿಯಮ್ಮಿನಲ್ಲಿ ನೆಡಲು ಒಯ್ಯತೊಡಗಿದ್ದಾರೆ. ಎರಡು ಮೂರು ವಾರಗಳಲ್ಲಿ ಎಲೆಗಳು ಕಂದಿ, ಲೋಳೆಯಾಗಿ ಕರಗುತ್ತವೆ. ಆಗ ಅಂಗಡಿಗೆ ಓಡಿ ಗೊಬ್ಬರದ ದ್ರಾವಣವನ್ನೂ ಇನ್ನಷ್ಟು ಪ್ರಖರವಾದ ದೀಪವನ್ನೂ ತರುತ್ತಾರೆ. ಗಿಡ ಚೇತರಿಸಿಕೊಳ್ಳುವುದಿಲ್ಲ, ಪಾಚಿ ಮಾತ್ರ ಸಮೃದ್ಧವಾಗಿ ಬೆಳೆಯುತ್ತದೆ. ಈ ಗಿಡಗಳು ಸಾಮಾನ್ಯವಾಗಿ ಸಾಯುವುದು ಗೊಬ್ಬರವಿಲ್ಲದೆ ಅಲ್ಲ, ಇಂಗಾಲವಿಲ್ಲದೆ ಎಂಬುದು ನನ್ನ ಅಭಿಪ್ರಾಯ. ಇದರ ಕಾರಣವನ್ನು ತಿಳಿಯಲು ಸಸ್ಯಶಾಸ್ತ್ರಕ್ಕಿಂತ ಮೊದಲು ಸ್ವಲ್ಪ ಭೌತಶಾಸ್ತ್ರವನ್ನು ನೋಡಬೇಕು.

ಕಲಕದ ನೀರಿನ ತಳದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳೊಂದನ್ನಿಟ್ಟರೆ ಅದರ ಬಣ್ಣ ಮೇಲ್ಮೈಯನ್ನು ಮುಟ್ಟಲು ದಿನಗಳೇ ಹಿಡಿಯುತ್ತವೆ. ವಿಸರಣವೆಂಬುದು ನೀರಿನಲ್ಲಿ ಅಷ್ಟು ನಿಧಾನ. ಇಂಗಾಲದ ಡೈಆಕ್ಸೈಡಾದರೋ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಾಲು ಮೆಲ್ಲಗೆ ನೀರಿನಲ್ಲಿ ಹರಡುತ್ತದೆ. ಮುಳುಗಿರುವ ಪ್ರತಿಯೊಂದು ಎಲೆಯ ಮೈಗೂ ನಿಶ್ಚಲವಾದ ನೀರಿನ ತೆಳುಪೊರೆಯೊಂದು ಅಂಟಿಕೊಂಡಿರುತ್ತದೆ. ಇಂಗಾಲದ ಅಣುಗಳು ಆ ಪೊರೆಯನ್ನು ವಿಸರಣದಿಂದಲೇ ದಾಟಬೇಕು. ಹರಿಯುವ ತೊರೆ ಈ ಪೊರೆಯನ್ನು ಸವೆಯಿಸಿ ತೆಳುವಾಗಿಸುತ್ತದೆ; ನಿಂತ ತೊಟ್ಟಿ ಅದನ್ನು ದಪ್ಪವಾಗಿಸುತ್ತದೆ. ಗಾಳಿಯೊಡನೆ ಸಮತೋಲನದಲ್ಲಿರುವ ನೀರಿನಲ್ಲಿ ಈ ಅನಿಲ ಲೀಟರಿಗೆ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಕಾಡಿನ ಮಣ್ಣಿನೊಳಗಿಂದ ಒಸರಿ ಬರುವ ಬೆಟ್ಟದ ತೊರೆಗಳಲ್ಲಾದರೆ ಅದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಾಗಿಯೇ ಕರಗಿರುತ್ತದೆ.

ಇನ್ನು ನೀರಿನ ಗುಣ. ಕೊಡಗಿನ ಮಳೆನೀರು ಸುಣ್ಣವಿಲ್ಲದ ಗಟ್ಟಿಶಿಲೆಗಳ ಮೇಲೆ ಹರಿಯುವುದರಿಂದ ಮೆದುವಾಗಿಯೇ ಉಳಿಯುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಇಂಗಾಲಕ್ಕೆ ಬರವಿಲ್ಲ, ಸರಿಯೆ. ಆದರೆ ಅದು ಬೈಕಾರ್ಬೊನೇಟಿನ ರೂಪದಲ್ಲಿದೆ. ಪಿಎಚ್ ಮೌಲ್ಯ 8.3 ಆಗಿರುವಾಗ, ಕರಗಿದ ಇಂಗಾಲದಲ್ಲಿ ನೂರಕ್ಕೆ ಎರಡು ಪಾಲೂ ಸ್ವತಂತ್ರ ಡೈಆಕ್ಸೈಡಾಗಿ ಇರುವುದಿಲ್ಲ. ಅದನ್ನೇ ನಂಬಿ ಬದುಕುವ ಗಿಡ ಇಲ್ಲಿ ಊಟದ ಎಲೆಯ ಮುಂದೆ ಕುಳಿತೇ ಉಪವಾಸ ಬೀಳುತ್ತದೆ.

ದೀಪ ಹೆಚ್ಚಿಸಿದರೇನು ಪ್ರಯೋಜನ? ದ್ಯುತಿಸಂಶ್ಲೇಷಣೆಯ ವೇಗವನ್ನು ನಿರ್ಧರಿಸುವುದು ಅತ್ಯಂತ ಕೊರತೆಯಲ್ಲಿರುವ ಅಂಶವೇ ಎಂಬುದನ್ನು ಇಂಗ್ಲೆಂಡಿನ ಬ್ಲ್ಯಾಕ್‌ಮನ್ 1905ರಲ್ಲಿಯೇ ವಿಶದಪಡಿಸಿದನು. ಇಂಗಾಲ ಕಡಿಮೆಯಿರುವಾಗ ಬೆಳಕನ್ನು ಇಮ್ಮಡಿಸಿದರೆ ಗಿಡಕ್ಕೆ ಲಾಭವಿಲ್ಲ. ಅಲ್ಪದಲ್ಲಿಯೇ ಬದುಕಬಲ್ಲ ಪಾಚಿಗೆ ಅದು ಹಬ್ಬ. ತೊಟ್ಟಿಯ ನೀರು ಕೆಂಪು ಬೆಳಕನ್ನೆಲ್ಲ ನುಂಗಿಬಿಡುತ್ತದೆಂದು ವಿಶೇಷ ದೀಪಗಳನ್ನು ಮಾರುವವರೂ ಉಂಟು. ಒಂದು ಅಡಿ ನೀರು ಕೆಂಪು ಬೆಳಕಿನಲ್ಲಿ ಹೀರುವುದು ಸುಮಾರು ಹತ್ತರಲ್ಲೊಂದು ಪಾಲನ್ನು ಮಾತ್ರ. ಆ ಒಂದು ಪಾಲಿಗಾಗಿ ಹಣ ತೆರುವ ಅಗತ್ಯ ನನಗೆ ಕಾಣದು.

ಪಶ್ಚಿಮಘಟ್ಟದ ತೊರೆಗಳಲ್ಲಿ ಪೊಡೊಸ್ಟೆಮೇಸಿ ಎಂಬ ವಿಚಿತ್ರ ಕುಟುಂಬದ ಸಸ್ಯಗಳಿವೆ. ನೋಡಿದವರು ಪಾಚಿಯೆಂದೇ ಭ್ರಮಿಸುತ್ತಾರೆ. ಆದರೆ ಇವು ಹೂಬಿಡುವ ಗಿಡಗಳು. ಭೋರ್ಗರೆಯುವ ನೀರಿನಲ್ಲಿ ಬಂಡೆಗೆ ಕಚ್ಚಿಕೊಂಡು ಬೆಳೆದು, ಮಳೆಗಾಲ ಕಳೆದು ನೀರಿಳಿದಾಗ ಹೂಬಿಡುತ್ತವೆ. ಇಂಥವನ್ನು ಕಿತ್ತು ಗಾಜಿನ ತೊಟ್ಟಿಗೆ ಹಾಕುವುದೆಂದರೆ ಕೊಂದಂತೆಯೇ. ಕ್ರಿಪ್ಟೊಕೊರಿನ್, ಲ್ಯಾಜೆನಾಂಡ್ರ ಮೊದಲಾದ ಘಟ್ಟದ ಗಿಡಗಳು ಅಷ್ಟು ಹಟಮಾರಿಗಳಲ್ಲ. ಬೇಕೆನ್ನುವವರು ತೋಟಗಾರರು ಬೆಳೆಸಿದ ಸಸಿಗಳನ್ನು ಕೊಳ್ಳಲಿ. ತೊರೆಯನ್ನು ಬರಿದು ಮಾಡುವುದು ಬೇಡ.

ನೀರನ್ನು ಬದಲಿಸದೆಯೇ ಜೀವಿಗಳನ್ನು ಸಾಕುವ ಪ್ರಯೋಗವನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ಪ್ರಕಟಿಸಿದನು. ಅವನ ತೊಟ್ಟಿಯಲ್ಲಿದ್ದುದು ಹೊಂಬಣ್ಣದ ಮೀನುಗಳು, ನೀರುಬಸವನಹುಳುಗಳು, ವ್ಯಾಲಿಸ್ನೇರಿಯ ಗಿಡ—ಇಷ್ಟೆ. ವ್ಯಾಲಿಸ್ನೇರಿಯವೂ, ಪ್ರಯೋಗಶಾಲೆಯಲ್ಲಿ ಗುಳ್ಳೆಗಳನ್ನೆಣಿಸಲು ನೀವು ಬಳಸುವ ಹೈಡ್ರಿಲ್ಲವೂ ನಮ್ಮ ಕೆರೆಗಳಲ್ಲಿ ಬೆಳೆಯುವಂಥವು; ಎರಡೂ ಬೈಕಾರ್ಬೊನೇಟಿನಿಂದ ಇಂಗಾಲವನ್ನು ಪಡೆಯಬಲ್ಲವು. ಹೊಸಬರು ಇವುಗಳಿಂದ ಆರಂಭಿಸುವುದು ಲೇಸು. ಬಿಸಿಲು ನೇರವಾಗಿ ಬೀಳದ ಕಡೆ ತೊಟ್ಟಿಯನ್ನಿಟ್ಟು, ದಿನಕ್ಕೆ ಎಂಟು ಗಂಟೆ ಸಾಧಾರಣ ದೀಪ ಉರಿಸಿ, ನೀರನ್ನು ಮೆಲ್ಲಗೆ ಸುತ್ತಾಡಿಸಿದರೆ ಸಾಕು. ಗಾಳಿಯಂತ್ರದ ಗುಳ್ಳೆಗಳ ಉಪಯೋಗವೂ ಮುಖ್ಯವಾಗಿ ಈ ಸುತ್ತಾಟದಲ್ಲಿಯೇ ಇದೆ. ಮೀನುಗಳು ಉಸಿರಾಡಿ ಬಿಡುವ ಡೈಆಕ್ಸೈಡ್ ಮಿತವಾದ ಬೆಳಕಿನಲ್ಲಿರುವ ನಾಲ್ಕಾರು ಗಿಡಗಳಿಗೆ ಒದಗುತ್ತದೆ.

ಕೊನೆಗೆ, ತೊಟ್ಟಿಯನ್ನು ಖಾಲಿ ಮಾಡುವ ದಿನದ ವಿಚಾರ. ಗಿಡಗಳನ್ನು ಹೊಳೆಗೆ ಬಿಟ್ಟರೆ ಪುಣ್ಯವೆಂದು ಭಾವಿಸುವವರಿದ್ದಾರೆ. ನಮ್ಮ ನಿರುಪದ್ರವಿ ಹೈಡ್ರಿಲ್ಲವೇ 1950ರ ದಶಕದಲ್ಲಿ ಅಕ್ವೇರಿಯಮ್ಮಿನ ಸರಕಾಗಿ ಫ್ಲಾರಿಡಕ್ಕೆ ಹೋಗಿ, ಅಲ್ಲಿನ ಕೆರೆಕಾಲುವೆಗಳನ್ನು ಕಟ್ಟಿಹಾಕಿತು. ಅಮೆರಿಕ ಖಂಡದ ಕಬೋಂಬ ಈಗ ನೆರೆಯ ಕೇರಳದ ನೀರುಗಳಲ್ಲಿ ಹಬ್ಬಿದೆ. ಒಂದು ಗೆಣ್ಣು ಉಳಿದರೂ ಚಿಗುರುವ ಗಿಡಗಳಿವು. ಭಾಗಮಂಡಲದಿಂದ ಕೆಳಗೆ ಕಾವೇರಿ ಸುಮಾರು 800 ಕಿಲೋಮೀಟರ್ ಹರಿಯುತ್ತಾಳೆ. ಇಲ್ಲಿ ಬಿಟ್ಟ ತುಂಡು ಎಲ್ಲಿ ಬೇರೂರುವುದೆಂದು ಹೇಳಬಲ್ಲವರಾರು? ಕತ್ತರಿಸಿದ ಗಿಡಗಳನ್ನು ಅಂಗಳದ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಕಾಫಿಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಬಹುದು. ತೊಟ್ಟಿಯ ನೀರನ್ನೂ ಅಲ್ಲಿಯೇ ಸುರಿಯಿರಿ, ಹೊಳೆಗಲ್ಲ.