ಬೋರು ಫೇಲಾದರೆ ಮತ್ತೊಂದು, ಹುಡುಗ ಫೇಲಾದರೆ?

ಕೋಲಾರ ಸೀಮೆಯಲ್ಲಿ ಒಂದೇ ಮಾತಿಗೆ ಎರಡು ನ್ಯಾಯ. ಬೋರ್‌ವೆಲ್‌ನಲ್ಲಿ ನೀರು ಬಾರದಿದ್ದರೂ ‘ಫೇಲ್’, ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಕೈಕೊಟ್ಟರೂ ‘ಫೇಲ್’. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡ ರೈತ ಮಾರನೇ ದಿನ ‘ಇನ್ನೊಂದು ಪಾಯಿಂಟ್ ನೋಡಿಸೋಣ ಬಿಡು’ ಅನ್ನುತ್ತಾನೆ. ಅದೇ ರೈತ ಫಲಿತಾಂಶದ ದಿನ ಮಗನ ಮೇಲೆ ‘ಊರಲ್ಲಿ ತಲೆ ಎತ್ತದ ಹಾಗೆ ಮಾಡಿಬಿಟ್ಟೆಯಲ್ಲೋ’ ಎಂದು ಗುಡುಗುತ್ತಾನೆ. ಮಗಳಾದರೆ ಅಂದೇ ಮದುವೆ ಮಾತು ಶುರು. ಏನಿದು ವಿಪರೀತ!

ಸೋಲಿನ ಪಾಠವನ್ನು ನಮ್ಮ ಜಿಲ್ಲೆಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿಯಿತು, ಪಕ್ಕದ ಚಿತ್ತೂರು ಜಿಲ್ಲೆ ನಮ್ಮ ಕಾಯಿಗೆ ಬಾಗಿಲು ಹಾಕಿತು, ಶ್ರೀನಿವಾಸಪುರ ಬಂದ್ ಆಯಿತು. ಇಂಥ ಪೆಟ್ಟಿಗೆ ಕುಸಿದವರೂ ಇದ್ದಾರೆ. ಎದ್ದು ನಿಂತವರ ಬೆನ್ನಿಗೆ ಮಾತ್ರ ಯಾರೋ ಒಬ್ಬರು ಇದ್ದೇ ಇರುತ್ತಾರೆ. ಮಕ್ಕಳ ಬೆನ್ನಿಗೆ ಯಾರಿದ್ದಾರೆ?

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಗೌರವ ಡಿ.ಲಿಟ್. ಕೊಟ್ಟಿತು. ಮಾಲೂರು ತಾಲೂಕಿನ ಮಾಸ್ತಿಯವರು ತಮಗೆ ಸಲ್ಲಬೇಕಾದ ಹುದ್ದೆ ಕಿರಿಯರ ಪಾಲಾದಾಗ 1943ರಲ್ಲಿ ನೌಕರಿ ಬಿಟ್ಟರು, ಬರೆಯುವುದನ್ನು ಬಿಡಲಿಲ್ಲ. ಜ್ಞಾನಪೀಠ ಬಂದದ್ದು 1983ರ ಸಾಲಿಗೆ. ಫೇಲಾದವರೆಲ್ಲ ಗುಂಡಪ್ಪನವರಾಗುತ್ತಾರೆ ಎಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಪರೀಕ್ಷೆಯಿಂದ ಮನುಷ್ಯನನ್ನು ಅಳೆಯಲಾಗದು ಎಂಬುದಕ್ಕೆ ಸಾಕ್ಷಿ ಊರಲ್ಲೇ ಇದೆ.

ಸರ್ಕಾರ 2024ರಲ್ಲಿ ‘ಪೂರಕ ಪರೀಕ್ಷೆ’ ಎಂಬ ಹಣೆಪಟ್ಟಿ ಕಿತ್ತು, ಪರೀಕ್ಷೆ-1, ಪರೀಕ್ಷೆ-2 ಎಂದು ಹೆಸರಿಟ್ಟಿತು. ಸರ್ಕಾರ ಕಿತ್ತ ಪಟ್ಟಿಯನ್ನು ಮನೆಯವರು ಹುಡುಗನ ಹಣೆಗೆ ಅಂಟಿಸುವುದೇಕೆ?

ಫಲಿತಾಂಶದ ದಿನ ಶಾಲೆಗಳು ಫ್ಲೆಕ್ಸ್ ಕಟ್ಟಿಸುವ ಮುಂಚೆ ನಪಾಸಾದ ಮಕ್ಕಳ ಮನೆಗೆ ಮೇಷ್ಟ್ರೊಬ್ಬರನ್ನು ಕಳಿಸಲಿ. ಯಾವ ಪಾಠದಲ್ಲಿ ಎಡವಿದ್ದು, ಫೀಸು ಕಟ್ಟಲು ಕಡೇ ದಿನ ಯಾವುದು, ಇಷ್ಟು ಹೇಳಿದರೂ ಅರ್ಧ ಭಾರ ಇಳಿಯುತ್ತದೆ. ಮಗು ಊಟ ಬಿಟ್ಟು ಮೂಲೆ ಹಿಡಿದರೆ ಒಂಟಿಯಾಗಿ ಬಿಡಕೂಡದು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕಾಸಿಲ್ಲದೆ ಸಲಹೆ ಕೊಡುತ್ತಾರೆ. ಇನ್ನು ವರ್ಷವರ್ಷ ಪ್ರತಿಭಾ ಪುರಸ್ಕಾರ ನಡೆಸುವ ಸಂಘಗಳಿಗೆ ಒಂದು ಮಾತು: ಒಮ್ಮೆ ಬಿದ್ದು, ಎರಡನೇ ಸಲ ಬರೆದು ಪಾಸಾದವರಿಗೂ ಅದೇ ವೇದಿಕೆಯಲ್ಲಿ ಒಂದು ಹಾರ ಹಾಕಿ ನೋಡಿ.

ಬೋರ್ ಲಾರಿಗೆ ಎರಡನೇ ಸಲವೂ ಸಾಲ ಮಾಡಿ ಕಾಸು ಹೊಂದಿಸುವ ಅಪ್ಪಂದಿರು, ಮಕ್ಕಳಿಗೂ ಇನ್ನೊಂದು ಪಾಯಿಂಟ್ ನೋಡಲಿ.